ಕೆಂಪು ದಾರ ಕಟ್ಟಿದ ಕುಂಬಳದ ಹೂವು

ನೆನೆಸಿದ ಅವರೆಕಾಳು ಹಿತುಕುತ್ತಾ ಕುಳಿತಿದ್ದೆ. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಫೋನು ಹೊಡೆದುಕೊಂಡಾಗ ಎರಡೂ ಕೈ ಲೋಳೆ. ಮೊಣಕೈಯಿಂದ ಒತ್ತೋಣವೆಂದರೆ ಈಗಿನ ಫೋನು ಮೊಣಕೈಯ ಮಾತು ಕೇಳುವುದಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು, ಮತ್ತೆ ಹೊಡೆದುಕೊಂಡಿತು. ಮುರುಗಮಲ್ಲದ ಜರೀನಾ.

"ಅಕ್ಕಾ, ಎಲ್ಲಾ ಒಂದೇ ಥರ ಬಂದವೆ!"

"ಏನಮ್ಮ ಒಂದೇ ಥರ?"

"ಅಮ್ಮನ ಕುಂಬಳಕಾಯಿ ಅಕ್ಕ! ಇಪ್ಪತ್ತೆರಡು ಬಳ್ಳಿ, ಒಂದೂ ಬೇರೆ ಇಲ್ಲ. ಒಂದೇ ಅಚ್ಚಲ್ಲಿ ಹುಯ್ದಂಗೈತೆ. ಇನ್ನೂ ಕೊಯ್ದಿಲ್ಲ. ಸಾಯಂಕಾಲ ತರ್ತೀನಿ, ಅಮ್ಮನ ಮುಂದೇನೇ ಕೊಯ್ಯಣ."

ಫೋನು ಇಟ್ಟು ಬಾಗಿಲಾಚೆ ನೋಡಿದೆ. ಹೊರಗೆ ಅಂಗಳದಲ್ಲಿ ಬೆಳಗಿನ ರಂಗೋಲಿ ಇನ್ನೂ ಅಳಿಸಿರಲಿಲ್ಲ. ಅದರ ಮಧ್ಯೆ ಇಟ್ಟ ಸಗಣಿಯ ಉಂಡೆಗಳ ತಲೆಯ ಮೇಲೆ ಹುಚ್ಚೆಳ್ಳು ಹೂವು ಬಾಡಿತ್ತು. ಧನುರ್ಮಾಸದಲ್ಲಿ ನಮ್ಮ ಕಡೆಯ ಹೆಂಗಸರು ಬೆಳಕು ಹರಿಯುವ ಮೊದಲೇ ಅಂಗಳ ಸಾರಿಸಿ, ರಂಗೋಲಿ ಬಿಟ್ಟು, ಸಗಣಿಯ ಉಂಡೆ ಇಟ್ಟು ಅದಕ್ಕೆ ಹೂವು ಸಿಕ್ಕಿಸುತ್ತೇವೆ. ಗೊಬ್ಬೆಮ್ಮ ಎನ್ನುತ್ತೇವೆ. ಆಂಧ್ರದ ಗಡಿ ಹತ್ತಿರವಲ್ಲವೇ, ಹೆಸರೂ ಆ ಕಡೆಯದೇ. ಗೊಬ್ಬೆಮ್ಮನಿಗೆ ಸಲ್ಲುವುದು ಕುಂಬಳದ ಹೂವು. ಊರಲ್ಲಿ ಎಲ್ಲರೂ ಅದನ್ನೇ ಇಡುತ್ತಾರೆ. ನಮ್ಮ ಮನೆಯ ಗೊಬ್ಬೆಮ್ಮ ಮಾತ್ರ ನಾಲ್ಕು ವರ್ಷದಿಂದ ಹುಚ್ಚೆಳ್ಳು ಹೂವಿನಲ್ಲೇ ತೃಪ್ತಿಪಟ್ಟಿದ್ದಾಳೆ. ಅದು ನಾನು ಹೊತ್ತ ಹರಕೆ. ಈಗಲೂ ಹಸಿ ಸಗಣಿಯ ವಾಸನೆ ಮಂಜಿನ ಜೊತೆ ಮೂಗಿಗೆ ಬಂದರೆ ನನ್ನ ಕಣ್ಣ ಮುಂದೆ ನಿಲ್ಲುವುದು ಆ ನಾಲ್ಕು ವರ್ಷದ ಹಿಂದಿನ ಧನುರ್ಮಾಸವೇ.

ಜರೀನಾ ಅಮ್ಮ ಎಂದು ಕರೆಯುವ ನಮ್ಮತ್ತೆ ಬಾಗೇಪಲ್ಲಿ ಕಡೆಯವರು. ಮದುವೆಯಾಗಿ ಬರುವಾಗ ಮಡಿಲಕ್ಕಿಯ ಜೊತೆಗೆ ಒಂದು ಹಿಡಿ ಸಿಹಿಗುಂಬಳದ ಬೀಜವನ್ನೂ ಅವರಮ್ಮ ಮಡಿಲಿಗೆ ಹಾಕಿದ್ದರಂತೆ. ಆ ಕಾಯಿಯನ್ನು ಕಂಡವರು ಮರೆಯುವುದಿಲ್ಲ. ಬೂದಿ ಬಳಿದಂಥ ಮೈ, ಎದ್ದು ಕಾಣುವ ಏಣುಗಳು, ಒಳಗೆ ಕೋಳಿಮೊಟ್ಟೆಯ ಹಳದಿಯಂಥ ಬಣ್ಣದ ತಿರುಳು. ಕೊಯ್ದರೆ ಮನೆ ತುಂಬಾ ಕರಬೂಜ ಹಣ್ಣಿನಂಥ ವಾಸನೆ. ಹುರಿಯ ನೆಲುವಿನಲ್ಲಿಟ್ಟು ತೊಲೆಗೆ ನೇತುಹಾಕಿದರೆ ಸಂಕ್ರಾಂತಿಯ ಕಾಯಿ ದಸರೆಗೂ ಗಟ್ಟಿಯಾಗಿರುತ್ತಿತ್ತು. ಒಂದೇ ತೊಂದರೆ, ಒಂದು ಕಾಯಿ ಎತ್ತಲು ಇಬ್ಬರು ಬೇಕು. ನಾಲ್ಕು ಜನರ ಸಂಸಾರಕ್ಕೆ ಅಷ್ಟು ದೊಡ್ಡ ಕಾಯಿ ಯಾರಿಗೆ ಬೇಕು? ಕೊನೆಕೊನೆಗೆ ಅದನ್ನು ಕೇಳಿಕೊಂಡು ಬರುತ್ತಿದ್ದವರು ಮುರುಗಮಲ್ಲದ ಒಂದೇ ಮನೆಯವರು. ಅವರಲ್ಲಿ ಮದುವೆ ಎಂದರೆ ಬಿರಿಯಾನಿ ಜೊತೆ ಬಡಿಸುವ ಬೇಳೆಸಾರು ದಾಲ್ಚಾಕ್ಕೆ ನಮ್ಮತ್ತೆಯ ಕುಂಬಳಕಾಯಿಯೇ ಆಗಬೇಕು. ಆ ಮನೆಯ ಸೊಸೆಯೇ ಜರೀನಾ.

ಜರೀನಾಳ ಗಂಡನಿಗೆ ದರ್ಗಾ ರಸ್ತೆಯಲ್ಲಿ ಊದುಬತ್ತಿ, ಸಕ್ಕರೆ, ಹರಕೆಯ ದಾರ ಮಾರುವ ಸಣ್ಣ ಅಂಗಡಿ. ಇವಳು ಮದುವೆಗೆ ಮುಂಚೆ ಯಾವುದೋ ಬೀಜದ ಕಂಪನಿಯ ನೆಟ್‌ಹೌಸಿನಲ್ಲಿ ಟೊಮ್ಯಾಟೊ ಹೂವಿಗೆ ಕ್ರಾಸಿಂಗ್ ಮಾಡುವ ಕೆಲಸಕ್ಕಿದ್ದವಳು. ಒಂದು ಗಿಡದ ಹೂವಿನ ಧೂಳು ತೆಗೆದು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸಿ, ಎರಡರ ಗುಣವನ್ನೂ ಒಂದೇ ಬೀಜಕ್ಕೆ ಇಳಿಸುವ ಕೆಲಸ. ಈಗ ಊರಾಚೆ ತನ್ನದೇ ಒಂದು ಎಕರೆಯಲ್ಲಿ ತರಕಾರಿ ಬೆಳೆಯುತ್ತಾಳೆ. ಮನೆಗೊಂದು ಸಾಕಾಗುವಂಥ ಪುಟ್ಟ ಕುಂಬಳಕಾಯಿ ಬೆಳೆದಿದ್ದಳು ಆ ನಾಲ್ಕು ವರ್ಷದ ಹಿಂದೆ. ನೋಡಲು ಮುದ್ದು, ತಿಂದರೆ ನೀರು. ನಮ್ಮತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಇದನ್ನ ಬೇಯಿಸಬೇಕಾಗೇ ಇಲ್ಲ ಕಣಮ್ಮ, ಕುಡಿದುಬಿಡಬಹುದು" ಎಂದಿದ್ದರು.

ಆ ವರ್ಷ ಅತ್ತೆಯ ತಳಿಗೇ ಕುತ್ತು ಬಂದಿತ್ತು. ಬೀಜಕ್ಕೆಂದು ಇಟ್ಟಿದ್ದ ಕಾಯಿ ತೊಲೆಯಲ್ಲೇ ಕೊಳೆತು, ಅದರೊಳಗೆ ನೆಟ್ಟಗಿದ್ದದ್ದು ಐದು ಬೀಜ. ಮೂರು ಮೊಳೆತವು. ಎರಡನ್ನು ಕೋಳಿ ಕೆದರಿತು. ಉಳಿದ ಒಂದು ಬಳ್ಳಿ ಮನೆಯ ಹಿಂದಿನ ತಿಪ್ಪೆಯ ಮೇಲೆ ಹಬ್ಬಿತು, ಹಬ್ಬಿದ ಮೇಲೆ ಎಲೆ ಮುದುಡುವ ರೋಗ ತಗುಲಿತು. ಹೂವಿನಡಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವು ಬಿಡುತ್ತಿತ್ತು. ಮೂರನೇ ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಅತ್ತೆ ದಿನಾ ಬೆಳಿಗ್ಗೆ ಹೋಗಿ ಉದುರಿದ್ದನ್ನು ಆರಿಸಿ ಎಮ್ಮೆಗೆ ಹಾಕುವರು. ಅರವತ್ತು ವರ್ಷ ಒಂದು ಸಲವೂ ತಪ್ಪದೆ ಕಾಪಾಡಿಕೊಂಡು ಬಂದದ್ದು ತಮ್ಮ ಕೈಯಲ್ಲೇ ಮುಗಿಯುತ್ತದೆಂಬುದು ಅವರಿಗೆ ಗೊತ್ತಾಗಿತ್ತು.

ಧನುರ್ಮಾಸದ ನಡುವೆ ಒಂದು ದಿನ ನಾನು ತಂಗಿಯ ಮಗುವಿನ ನಾಮಕರಣಕ್ಕೆ ಚಿಂತಾಮಣಿಗೆ ಹೋಗಿ ಕತ್ತಲಾದ ಮೇಲೆ ಬಂದೆ. ಬಂದವಳೇ ಉಂಡು ಮಲಗಿದೆ. ಅಂದು ಸಾಯಂಕಾಲ ಜರೀನಾ ಮನೆಗೆ ಬಂದು ಹೋಗಿದ್ದು ನನಗೆ ತಿಳಿಯದು. ಅತ್ತೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಟಾರ್ಚು ಹಿಡಿದು ಹೂವಿಗೆ ಹಿತ್ತಲಿಗೆ ಹೋದೆ. ಕುಂಬಳದಲ್ಲಿ ಉದ್ದ ತೊಟ್ಟಿನ, ಕಾಯಿ ಇಲ್ಲದ ಗಂಡು ಹೂವನ್ನೇ ಕೀಳಬೇಕು. "ಗಂಡು ಹೂವು ದೇವರಿಗೆ, ಹೆಣ್ಣು ಹೂವು ಮನೆಗೆ" ಎಂದು ನಮ್ಮಮ್ಮ ಕಲಿಸಿದ್ದಳು. ಅವತ್ತು ಬಳ್ಳಿಯಲ್ಲಿ ಐದು ಗಂಡು ಹೂವು. ಐದರ ಮೂತಿಗೂ ಕೆಂಪು ದಾರದ ಗಂಟು.

ನಮ್ಮತ್ತೆಗೆ ಒಂದು ಪದ್ಧತಿ. ಪ್ರತಿ ವರ್ಷ ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಕಾಯಿಗೆ ಕೆಂಪು ದಾರ ಕಟ್ಟಿ ದೇವರಿಗೆ ಮೀಸಲು ಬಿಡುವುದು. ಅದನ್ನು ಯಾರೂ ಮುಟ್ಟುವಂತಿಲ್ಲ. ಪೂರ್ತಿ ಬಲಿತ ಮೇಲೆ ದೇವರ ಮುಂದಿಟ್ಟು, ಕೊಯ್ಯಿಸಿ, ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಮಡಕೆಗೆ ಹಾಕುವರು. ಮುಂದಿನ ವರ್ಷಕ್ಕೆ ಅದೇ ಬೀಜ. ಈ ಸಲ ಕಾಯಿ ಇಲ್ಲವಲ್ಲ, ಪಾಪ, ಹೂವಿಗೇ ಮೀಸಲು ಕಟ್ಟಿದ್ದಾರೆ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ದೇವರಿಗೆ ಮೀಸಲಾದದ್ದು ಗೊಬ್ಬೆಮ್ಮನಿಗೇ ಸಲ್ಲಲಿ ಎಂದು ಐದನ್ನೂ ಕಿತ್ತೆ. ದಾರ ಬಿಚ್ಚಿದರೆ ಎಂಥ ಹೂವು! ಒಂದು ಜೇನೂ ಮುಟ್ಟದ, ಒಳಗೆ ಧೂಳು ತುಂಬಿದ ಹೂವು. ಅಂಗಳಕ್ಕೆ ತಂದು ಐದು ಗೊಬ್ಬೆಮ್ಮಗಳ ಮೇಲಿಟ್ಟು, ಒಂದೊಂದಕ್ಕೂ ಅರಿಸಿನ ಕುಂಕುಮ ಹಾಕುತ್ತಾ ಬಂದೆ. ನಾಲ್ಕಾಯಿತು. ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿದ ವಾಸನೆ. ಕುಂಕುಮದ ಬಟ್ಟಲು ಅಲ್ಲೇ ಬಿಟ್ಟು ಓಡಿದೆ.

ಹಾಲು ಅರ್ಧ ಒಲೆಗೆ ಹೋಗಿತ್ತು. ಬೈದುಕೊಳ್ಳುತ್ತಾ ಒರೆಸುತ್ತಿದ್ದಾಗ ಹೊರಗೆ ಸ್ಕೂಟಿ ನಿಂತ ಸದ್ದು, ಆಮೇಲೆ ಹಿತ್ತಲಿನಿಂದ ಜರೀನಾಳ ಕೂಗು.

"ಅಮ್ಮಾ, ಹೂವೆಲ್ಲಿ? ನಿನ್ನೆ ಕಟ್ಟಿದ್ದು ಒಂದೂ ಇಲ್ವಲ್ಲ!"

ಅತ್ತೆ ಎದ್ದು ಹೋದರು. ತಿಪ್ಪೆಯ ಮೇಲೆ ಬರೀ ಐದು ತೊಟ್ಟು. ಇಬ್ಬರೂ ಮುಂದಿನ ಅಂಗಳಕ್ಕೆ ಬಂದರು, ರಂಗೋಲಿ ನೋಡಿದರು, ನನ್ನನ್ನು ನೋಡಿದರು.

"ಏಮೇ, ನೀಕು ಬುದ್ಧಿ ಉಂದಾ?" ಅತ್ತೆಗೆ ಸಿಟ್ಟು ಬಂದರೆ ತೆಲುಗು, ನಿನಗೆ ಬುದ್ಧಿ ಇದೆಯೇನೇ ಅಂತ. ಮತ್ತೆ ಕನ್ನಡಕ್ಕೆ ಬಂದು, "ನಿನ್ನೆ ಅವಳು ಬಂದು ಅಷ್ಟೊತ್ತು ಕೂತು ಕಟ್ಟಿದ್ಲು ಕಣೇ. ಬಳ್ಳಿ ಹೋಗ್ತೈತೆ, ಹೂವಿನ ಧೂಳಾದ್ರೂ ತನ್ನ ಹೊಲದ ಹೂವಿಗೆ ಹಾಕಣ ಅಂತ!" ಎಂದರು.

ವಿಷಯ ಆಗ ತಿಳಿಯಿತು. ನಮ್ಮ ಬಳ್ಳಿ ಕಾಯಿ ಕಟ್ಟದಿದ್ದರೂ ಅದರ ಗಂಡು ಹೂವಿನಲ್ಲಿ ಜೀವವಿತ್ತು. ಆ ಧೂಳನ್ನು ತನ್ನ ಹೊಲದ ಪುಟ್ಟ ಕುಂಬಳದ ಹೆಣ್ಣು ಹೂವಿಗೆ ಮುಟ್ಟಿಸಿದರೆ, ಅತ್ತೆಯ ತಳಿಯ ಅರ್ಧವಾದರೂ ಆ ಬೀಜದೊಳಗೆ ಉಳಿಯುತ್ತದೆ ಎಂದು ಜರೀನಾ ಲೆಕ್ಕ ಹಾಕಿದ್ದಳು. ಜೇನು ನುಗ್ಗಿ ಬೇರೆ ಧೂಳು ಬೆರೆಸದಿರಲಿ ಎಂದು ಹಿಂದಿನ ಸಂಜೆಯೇ ಇಲ್ಲಿ ಗಂಡು ಮೊಗ್ಗಿಗೆ, ಅಲ್ಲಿ ಹೆಣ್ಣು ಮೊಗ್ಗಿಗೆ ಗಂಡನ ಅಂಗಡಿಯ ಕೆಂಪು ದಾರ ಕಟ್ಟಿದ್ದಳು. ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ. ನಮ್ಮ ಬಳ್ಳಿಯಲ್ಲಿ ಇನ್ನೊಂದು ಮೊಗ್ಗಿರಲಿಲ್ಲ.

ಜರೀನಾ ರಂಗೋಲಿಯ ಅಂಚಿಗೆ ಬಂದು ನಿಂತಳು. ಒಂದು ಎಳೆಯನ್ನೂ ತುಳಿಯದೆ, ಕೈ ಹಿಂದಕ್ಕೆ ಕಟ್ಟಿಕೊಂಡು. ಕೇಳಲಿಲ್ಲ. ದೇವರಿಗಿಟ್ಟಿದ್ದನ್ನು ಕೊಡಿ ಎಂದು ಅವಳಾದರೂ ಹೇಗೆ ಕೇಳಿಯಾಳು? "ಹೋಗ್ಲಿ ಬಿಡಿ ಅಕ್ಕ, ನೀವು ಗೊತ್ತಿದ್ದು ಮಾಡಿದ್ದಾ?" ಎಂದಳು. ಅವಳು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅತ್ತೆ ಬಗ್ಗಿ ಒಂದೊಂದೇ ಗೊಬ್ಬೆಮ್ಮನನ್ನು ನೋಡುತ್ತಾ ಹೋದರು. ನಾಲ್ಕು ಹೂವಿನೊಳಗೆ ಕುಂಕುಮ ಬಿದ್ದು ಧೂಳು ಕೆಟ್ಟಿತ್ತು. ಐದನೆಯದರ ಒಳಗೆ ಧೂಳು ಹಾಗೇ ಇತ್ತು. ಅದನ್ನು ಎತ್ತಲು ಕೈ ಚಾಚಿದರು.

"ಅತ್ತೆ, ಇಟ್ಟ ಹೂವು ತೆಗೀಬಾರ್ದಲ್ವಾ?" ನನ್ನ ಬಾಯಿಂದ ಬಂದೇಬಿಟ್ಟಿತು.

"ಹಣ್ಣಿಟ್ರೆ ಹಣ್ಣು ತಿಂತೀವಿ. ಹೂವಿಟ್ರೆ ಹೂವು ಮುಡೀತೀವಿ. ಕೊಟ್ಟಿದ್ದನ್ನ ಗೊಬ್ಬೆಮ್ಮ ಯಾವತ್ತು ಇಟ್ಕೊಂಡವಳೇ? ಪ್ರಸಾದ ಅಂತ ವಾಪಸ್ ಕೊಡ್ತಾಳೆ." ಹೂವನ್ನು ಎತ್ತಿ ಜರೀನಾಳ ಮುಂದೆ ಹಿಡಿದರು. "ತಗೊಳಮ್ಮ, ಪ್ರಸಾದ."

ಜರೀನಾ ದುಪಟ್ಟ ತಲೆಯ ಮೇಲೆ ಎಳೆದುಕೊಂಡು ಎರಡೂ ಅಂಗೈ ಒಡ್ಡಿ ತೆಗೆದುಕೊಂಡಳು. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, "ಅಕ್ಕ, ಹಿಂದೆ ಕೂತ್ಕೊಳಿ. ಡಬ್ಬಿ ಹಿಡ್ಕೊಳಕ್ಕೆ ಕೈ ಬೇಕು" ಎಂದಳು. ಸಗಣಿಯ ಕೈ ತೊಳೆದು ಹಾಗೇ ಹತ್ತಿದೆ. ಎರಡು ಮೈಲಿ. ದಾರಿಯುದ್ದಕ್ಕೂ ಡಬ್ಬಿಯನ್ನು ಹೊಟ್ಟೆಗೆ ಅಪ್ಪಿಕೊಂಡು, ಬಿಸಿಲೇ ಬರಬೇಡಪ್ಪ, ಇನ್ನೊಂದು ಗಳಿಗೆ ತಡಿ ಎಂದು ಸೂರ್ಯದೇವರನ್ನು ಬೇಡಿಕೊಂಡೆ. ಅವತ್ತು ಮಂಜು ಗಟ್ಟಿಯಾಗಿ ಕವಿದಿತ್ತು. ಅದೂ ಒಂದು ಕೃಪೆ. ಹಾಲು ಉಕ್ಕಿದ್ದು ಅದಕ್ಕಿಂತ ದೊಡ್ಡ ಕೃಪೆ. ಉಕ್ಕದಿದ್ದರೆ ಐದನೆಯದಕ್ಕೂ ಕುಂಕುಮ ಬೀಳುತ್ತಿತ್ತು.

ಹೊಲದಲ್ಲಿ ನಾಲ್ಕು ಹೆಣ್ಣು ಹೂವಿಗೆ ದಾರ ಕಟ್ಟಿತ್ತು. ಜರೀನಾ ಗಂಡು ಹೂವಿನ ಎಸಳು ಬಿಡಿಸಿ, ಒಳಗಿನ ಹಳದಿ ಕಡ್ಡಿಯನ್ನು ಹಿಡಿದು, ಒಂದೊಂದು ಹೆಣ್ಣು ಹೂವಿನ ದಾರ ಬಿಚ್ಚಿ, ಬಿಸ್ಮಿಲ್ಲಾ ಎಂದು ಮೆಲ್ಲಗೆ ಸವರಿ, ಮತ್ತೆ ಕಟ್ಟಿದಳು. ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವ ಹಾಗೆ. ಎರಡು ಹೂವಿಗೆ ಧೂಳು ಮುಗಿಯಿತು. ಆ ಎರಡರಲ್ಲಿ ಒಂದು ವಾರದೊಳಗೆ ಉದುರಿತು. ನಮ್ಮ ತಿಪ್ಪೆಯ ಬಳ್ಳಿ ಸಂಕ್ರಾಂತಿಗೆ ಮುಂಚೆ ಒಣಗಿತು. ಉಳಿದದ್ದು ಜರೀನಾಳ ಹೊಲದಲ್ಲಿ ಒಂದೇ ಒಂದು ಕಾಯಿ. ಈ ತಳಿ ಉಳಿದು ನೆಲೆಗೊಳ್ಳುವವರೆಗೆ ನಮ್ಮ ಗೊಬ್ಬೆಮ್ಮನಿಗೆ ಕುಂಬಳದ ಹೂವು ಇಡುವುದಿಲ್ಲ ಎಂದು ನಾನು ಹರಕೆ ಹೊತ್ತದ್ದು ಆಗಲೇ.

ಆ ಕಾಯಿ ನೋಡಲು ತಾಯಿಬಳ್ಳಿಯ ಪುಟ್ಟ ಕಾಯಿಯ ಹಾಗೇ ಇತ್ತು. ನನಗೆ ಜೀವ ಹೋದ ಹಾಗಾಯಿತು. ಜರೀನಾ ನಕ್ಕಳು. "ಅಕ್ಕ, ಕಾಯಿ ಅನ್ನೋದು ತಾಯಿ ಮೈ. ಮಗು ಒಳಗಿನ ಬೀಜದಲ್ಲೈತೆ, ಬಿತ್ತಿದ ಮೇಲೆ ನೋಡಿ." ಮುಂಗಾರಿಗೆ ಬಿತ್ತಿದಳು. ಬಂದ ಕಾಯಿಗಳೆಲ್ಲ ಒಂದೇ ಸಮ, ನಡುಗಾತ್ರ, ಹಸಿರು. ಬೂದಿಯೂ ಇಲ್ಲ, ಏಣೂ ಇಲ್ಲ. ಅತ್ತೆಯ ಮುಖ ಸಪ್ಪಗಾಯಿತು. ಜರೀನಾ ಮಾತ್ರ ಅದೇ ಬಳ್ಳಿಯ ಗಂಡು ಹೂವನ್ನು ಅದೇ ಬಳ್ಳಿಯ ಹೆಣ್ಣು ಹೂವಿಗೆ ಮುಟ್ಟಿಸಿ ದಾರ ಕಟ್ಟುತ್ತಲೇ ಹೋದಳು. "ಹೋಗಿಲ್ಲ ಅಮ್ಮ, ಅಡಗೈತೆ. ಮುಂದಿನ ಬೆಳೇಲಿ ಹೊರಗೆ ಬರ್ತೈತೆ."

ಬಂತು. ಮುಂದಿನ ಬೆಳೆ ಬಿಡಿಸಿದ ದಿನ ಅವಳ ಹೊಲದ ಬದುವಿನ ಮೇಲೆ ಸಾಲಾಗಿಟ್ಟ ಕಾಯಿಗಳನ್ನು ನೋಡಿ ನಾನು ಬಾಯಿಗೆ ಸೆರಗು ಇಟ್ಟುಕೊಂಡೆ. ಒಂದು ಚೆಂಡು, ಒಂದು ತಂಬಿಗೆ, ಒಂದು ಒತ್ತಿದ ರೊಟ್ಟಿ. ಒಂದು ಹಸಿರು, ಒಂದು ಬಿಳಿ, ಇನ್ನೊಂದು ಬೂದಿ ಬಳಿದಂತೆ! ಎಲ್ಲವೂ ಒಂದೇ ಕಾಯಿಯ ಬೀಜ.

"ಇದೇನಮ್ಮ, ಒಂದೇ ಹೊಟ್ಟೇಲಿ ಇಷ್ಟು ಥರ?" ಎಂದೆ.

"ನನ್ನ ಹೊಟ್ಟೇಲಿ ಹುಟ್ಟಿದ ಮೂರೂ ಒಂದೇ ಥರ ಅವೆಯೇನೇ?" ಅತ್ತೆ ತಿರುಗಿ ಕೇಳಿದರು. "ನಿನ್ನ ಮಗಳ ಹಣೇಲಿರೋ ಸುಳಿ ಯಾರ್ದು? ನಿಂದಲ್ಲ, ನಿನ್ನ ಗಂಡಂದಲ್ಲ. ನಮ್ಮ ಯಜಮಾನರದು. ಎಲ್ಲಿತ್ತು ಅದು ಇಷ್ಟು ದಿನ?"

ನಾನು ಮಗಳ ತಲೆ ಬಾಚುವಾಗೆಲ್ಲ ಬೈಯುತ್ತಿದ್ದ ಸುಳಿ ಅದು. ಮಾವ ಇವಳು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದರು. ಕಾಣದೆ ಹೋದದ್ದೆಲ್ಲ ಇಲ್ಲದೆ ಹೋದದ್ದಲ್ಲ ಎಂಬುದನ್ನು ನನಗೆ ಕಲಿಸಿದ್ದು ಕುಂಬಳಕಾಯಿ. ಭಗವಂತ ಇಂಥದ್ದನ್ನು ಎಷ್ಟು ಸಣ್ಣ ಜಾಗದಲ್ಲಿ ಮಡಚಿಟ್ಟಿರುತ್ತಾನೆ!

ಅವತ್ತು ಅತ್ತೆ ಮೂರುಕಾಲಿನ ಸ್ಟೂಲಿನ ಮೇಲೆ ಕುಳಿತು, ಕೊಯ್ದ ಹೋಳನ್ನು ಒಂದೊಂದೇ ಮೂಸಿದರು. ಜರೀನಾಳ ಕಣ್ಣು ಒಂದು ದುಂಡನೆಯ, ಬೂದಿ ಬಣ್ಣದ ಚೆಲುವೆಯ ಮೇಲಿತ್ತು. ಅತ್ತೆ ಅದನ್ನು ಪಕ್ಕಕ್ಕಿಟ್ಟು, ಮೈತುಂಬಾ ಗಂಟಿದ್ದ, ಸೊಟ್ಟಗಿನ ಒಂದು ಪುಟ್ಟ ಕಾಯಿಯ ಹೋಳನ್ನು ಎರಡು ಸಲ ಮೂಸಿದರು.

"ಇದು."

"ಅಮ್ಮ, ಇದಾ? ಮಾರ್ಕೆಟ್ಟಲ್ಲಿ ಇದನ್ನ ಯಾರೂ ತಿರುಗಿ ನೋಡಲ್ಲಮ್ಮ!"

"ನೋಡದೇ ಇದ್ರೆ ಮೂಸ್ಲಿ. ಮೂತಿ ನೀನು ತಿದ್ಕೋ, ಅದಕ್ಕೆ ನಿನ್ನ ಕೈ ಐತೆ. ವಾಸನೆ ಒಂದು ಸಲ ಹೋದ್ರೆ ಎಲ್ಲಿಂದ ತರ್ತೀಯ?"

ಜರೀನಾ ಸ್ವಲ್ಪ ಹೊತ್ತು ಎರಡನ್ನೂ ಎರಡು ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಚೆಲುವೆಯನ್ನು ಸಾರಿಗೆಂದು ನನಗೆ ಕೊಟ್ಟುಬಿಟ್ಟಳು. ಆ ಹುಡುಗಿಯ ದೊಡ್ಡತನ ನಾನು ಕಂಡದ್ದು ಅಲ್ಲಿ. ಕಲಿತ ಕೈ ತನ್ನದಾಗಿದ್ದರೂ ಓದು ಬಾರದ ಮುದುಕಿಯ ಮೂಗಿಗೆ ತಲೆಬಾಗಿದಳು. ಮುಂದೆ ಬೆಳೆ ಮೇಲೆ ಬೆಳೆ ಇಬ್ಬರೂ ಸೇರಿಯೇ ಆರಿಸಿದರು. ಗಂಟು ಕಳೆಯಿತು, ಸೊಟ್ಟ ನೆಟ್ಟಗಾಯಿತು, ಒಂದು ಸಲ ಹುಳ ಬಿದ್ದು ಮುಕ್ಕಾಲು ಹೋಯಿತು, ಮತ್ತೆ ಉಳಿದ ಎರಡು ಬಳ್ಳಿಯಿಂದ ಶುರು. ಆರಿಸಿದ ಕಾಯಿಯ ಬೀಜವೆಲ್ಲ ಮತ್ತೆ ಅದೇ ಥರ ಬಂದರೆ ತಳಿ ನೆಲೆಗೊಂಡ ಹಾಗೆ ಎನ್ನುತ್ತಿದ್ದಳು ಜರೀನಾ. ಅತ್ತೆಯ ಕೆಂಪು ದಾರವನ್ನು ನಾನು ಭಕ್ತಿ ಎಂದುಕೊಂಡಿದ್ದೆ. ಜರೀನಾ ಅದನ್ನು ತಳಿ ಕಾಯುವ ಬುದ್ಧಿ ಎನ್ನುತ್ತಾಳೆ. ಎಲ್ಲಕ್ಕಿಂತ ಒಳ್ಳೆಯದನ್ನು ನಾವು ತಿನ್ನದೆ ಮೀಸಲಿಡುವುದು ಅಂದರೆ ಎರಡೂ ಅದೇ ಅಲ್ಲವೇ.

ಫೋನಿನಲ್ಲಿ ಹೇಳಿದಂತೆ ಸಾಯಂಕಾಲ ಜರೀನಾ ಬಂದಳು. ಸ್ಕೂಟಿಯ ಮುಂದೆ ಚೀಲದಲ್ಲಿ ಎರಡು ಕಾಯಿ. ಒಂದೊಂದೂ ಒಂದು ಕೈಯಲ್ಲಿ ಎತ್ತುವಷ್ಟು. ಬೂದಿಮೈ, ಏಣು. ಅತ್ತೆಗೆ ಈಗ ಕಣ್ಣು ಮಂಜು. ಬೆರಳಲ್ಲೇ ಏಣು ಎಣಿಸಿ, ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕಬಾರದು. ಕೊಟ್ಟಿಗೆಯಲ್ಲಿದ್ದ ನನ್ನ ಯಜಮಾನರನ್ನು ಕೂಗಿದೆ. ಅವರು ಕೈ ಒರೆಸಿಕೊಳ್ಳುತ್ತಾ ಬಂದು, "ನಾಲ್ಕು ವರ್ಷ ಮಾಡಿದ್ದೆಲ್ಲ ಮೂರು ಜನ ಹೆಂಗಸ್ರು, ಕತ್ತಿ ಹಾಕಕ್ಕೆ ಮಾತ್ರ ನಾನು ಬೇಕಾ?" ಎಂದರು.

"ಅಷ್ಟಾದ್ರೂ ಮಾಡಣ್ಣ, ನಿನ್ನ ಹೆಸರೂ ಇರ್ಲಿ" ಎಂದಳು ಜರೀನಾ.

ಕತ್ತಿ ಇಳಿಯಿತು. ಹೋಳಾಗುವ ಮೊದಲೇ ವಾಸನೆ ಬಂದುಬಿಟ್ಟಿತು. ಕರಬೂಜ. ಮಳೆ ಬಿದ್ದ ಬೆಳಿಗ್ಗೆ ಬಾಗಿಲು ತೆಗೆದ ಹಾಗೆ ನಡುಮನೆ ತುಂಬಾ. ನಾವೆಲ್ಲ ಅತ್ತೆಯ ಮುಖ ನೋಡುತ್ತಿದ್ದೆವು. ಅವರು ಹೋಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು, ಹೆಬ್ಬೆರಳಿನಿಂದ ಸಿಪ್ಪೆಯ ಅಂಚನ್ನು ಒತ್ತಿ ನೋಡಿದರು.

"ಸಿಪ್ಪೆ ಒಂಚೂರು ತೆಳು," ಎಂದರು ಕೊನೆಗೆ. "ಇನ್ನೊಂದನ್ನ ತೊಲೆಗೆ ನೇತಾಕಿ. ದಸರೆ ತಂಕ ಇದ್ರೆ ಆಮೇಲೆ ಹೇಳ್ತೀನಿ."

ಜರೀನಾಳ ಮುಖ ಇಳಿಯುತ್ತಿತ್ತು. ಅಷ್ಟರಲ್ಲಿ ಅತ್ತೆ ಹೋಳಿನೊಳಗೆ ಬೆರಳು ಹಾಕಿ ಬೀಜ ಬಿಡಿಸಿ, ತಡವರಿಸಿ ಅವಳ ದುಪಟ್ಟದ ಅಂಚು ಹುಡುಕಿ, ಒಂದು ಹಿಡಿ ಅದರೊಳಗೆ ಸುರಿದರು. ತೌರಿನಲ್ಲಿ ಅವರಮ್ಮ ಸುರಿದ ಹಾಗೆಯೇ ಇರಬೇಕು. ಮಿಕ್ಕದ್ದನ್ನು ಮೊರದಲ್ಲಿಟ್ಟು ಬೂದಿ ತರಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗದೆಯೇ, "ನಾಳೆ ಗೊಬ್ಬೆಮ್ಮಗೆ ಕುಂಬಳದ ಹೂವು ಇಡೇ. ಪಾಪ, ಎಷ್ಟು ವರ್ಷ ಹುಚ್ಚೆಳ್ಳು ಹೂವು ಮುಡೀತಾಳೆ" ಎಂದರು.

"ಹೂವು ನಾನೇ ತರ್ತೀನಿ ಅಕ್ಕ," ಎಂದಳು ಜರೀನಾ, ಕಣ್ಣೊರೆಸಿಕೊಂಡು. "ನೀವು ಮಾತ್ರ ಹಿತ್ತಲಿಗೆ ಟಾರ್ಚ್ ಹಿಡ್ಕೊಂಡು ಹೋಗ್ಬೇಡಿ."

ಯಜಮಾನರು ಜೋರಾಗಿ ನಕ್ಕರು. ನಾನು ಬೂದಿ ತಂದುಕೊಟ್ಟು, ಬೋಗುಣಿ ಎಳೆದುಕೊಂಡು ಕುಳಿತೆ. ಮಧ್ಯಾಹ್ನದಿಂದ ನೀರಲ್ಲೇ ಬಿಟ್ಟಿದ್ದ ಅವರೆಕಾಳು ಚೆನ್ನಾಗಿ ನೆನೆದಿತ್ತು. ಮುಟ್ಟಿದರೆ ಸಾಕು, ಬೇಳೆ ತಾನೇ ಜಾರಿ ಬೀಳುತ್ತಿತ್ತು.